ಪ್ರೆಷರ್ ವಾಷರ್ ಯಂತ್ರದ ಆಯ್ಕೆ: ಶಿವಮೊಗ್ಗ ಮತ್ತು ಭದ್ರಾವತಿಗಳ ಸಂದರ್ಭದಲ್ಲಿ ಕೆಲವು ವಿಚಾರಗಳು

ನೀರನ್ನು ಪಂಪಿನ ಬಲದಿಂದ ಅತಿ ಕಿರಿದಾದ ರಂಧ್ರದ ಮೂಲಕ ಹೊರಡಿಸಿ, ಆ ಧಾರೆಯ ರಭಸದಿಂದ ಕೊಳೆಯನ್ನು ಕಿತ್ತುಹಾಕುವ ಯಂತ್ರಕ್ಕೆ ಪೇಟೆಯಲ್ಲಿ ಪ್ರೆಷರ್ ವಾಷರ್ ಎಂದು ಹೆಸರು. ಹಿಂದೆ ವಾಹನಗಳನ್ನು ತೊಳೆಯುವ ‘ವಾಟರ್ ಸರ್ವೀಸ್’ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಸಾಧನವು ಈಗ ಗೃಹಸ್ಥರ ಅಂಗಳಕ್ಕೂ ಬಂದಿದೆ. ಇದನ್ನು ಕೊಳ್ಳುವವರಲ್ಲಿ ಬಹುಮಂದಿ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಒಂದೇ ಅಂಕಿಯನ್ನು, ಎಂದರೆ ಒತ್ತಡದ ಅಂಕಿಯನ್ನು, ನೋಡಿ ತೀರ್ಮಾನಿಸುತ್ತಾರೆ. ಈ ಕ್ರಮವು ಸರಿಯಲ್ಲವೆಂದೂ, ತೊಳೆಯಬೇಕಾದ ವಸ್ತು ಯಾವುದು, ದೊರೆಯುವ ನೀರೆಷ್ಟು ಎಂಬ ಎರಡು ಪ್ರಶ್ನೆಗಳೇ ಮೊದಲು ಬರತಕ್ಕವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಒತ್ತಡವನ್ನು ಅಳೆಯುವ ಮಾನಕ್ಕೆ ಬಾರ್ ಎಂದು ಹೆಸರು. ಒಂದು ಬಾರ್ ಎಂದರೆ ಹೆಚ್ಚುಕಡಮೆ ಸಮುದ್ರಮಟ್ಟದಲ್ಲಿ ವಾಯುಮಂಡಲವು ಹೇರುವ ಒತ್ತಡ, ಅದು 14.5 ಪಿ.ಎಸ್.ಐ.ಗೆ ಸಮ. ನೂರು ಬಾರ್ ಒತ್ತಡದ ನೀರು ನಳಿಗೆಯ ತುದಿಯಿಂದ ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಕೊಳೆಯ ಹಿಡಿತವನ್ನು ಸಡಿಲಿಸುವುದು ಈ ವೇಗ. ಆದರೆ ಸಡಿಲಗೊಂಡ ಕೊಳೆಯನ್ನು ಹೊತ್ತೊಯ್ಯುವುದು ನೀರಿನ ಪ್ರಮಾಣ, ಎಂದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು. ಗದ್ದೆಯ ಕೆಸರು ಮೆತ್ತಿದ ಟ್ರ್ಯಾಕ್ಟರಿಗೆ ಒತ್ತಡ ತುಸು ಕಡಮೆಯಾದರೂ ನಡೆದೀತು, ನೀರು ಕಡಮೆಯಾದರೆ ಕೆಲಸ ಸಾಗದು.

ಈ ಎರಡು ಅಂಕಿಗಳ ಸಂಬಂಧವನ್ನು ತಿಳಿದವರನ್ನು ಮಾರಾಟಗಾರರು ಸುಲಭವಾಗಿ ಮರುಳುಮಾಡಲಾರರು. ಒತ್ತಡವನ್ನು ಬಾರ್‌ಗಳಲ್ಲಿಯೂ ಪ್ರವಾಹವನ್ನು ನಿಮಿಷಕ್ಕೆ ಲೀಟರ್‌ಗಳಲ್ಲಿಯೂ ತೆಗೆದುಕೊಂಡು ಗುಣಿಸಿ, ಬಂದುದನ್ನು 600ರಿಂದ ಭಾಗಿಸಿದರೆ ನೀರಿಗೆ ದೊರೆತ ಶಕ್ತಿಯು ಕಿಲೋವಾಟ್‌ಗಳಲ್ಲಿ ಸಿಗುತ್ತದೆ. ನೂರು ಬಾರ್, ಆರು ಲೀಟರ್ ಎಂದಾದರೆ ಒಂದು ಕಿಲೋವಾಟ್. ಮೋಟಾರಿನಲ್ಲಿಯೂ ಪಂಪಿನಲ್ಲಿಯೂ ಆಗುವ ನಷ್ಟವನ್ನು ಕೂಡಿಸಿದರೆ ಇದಕ್ಕೆ ಸುಮಾರು ಒಂದೂವರೆ ಕಿಲೋವಾಟ್ ವಿದ್ಯುತ್ ಬೇಕಾಗುತ್ತದೆ, ಲೆಕ್ಕ ಸರಿಹೋಗುತ್ತದೆ. ಆದರೆ 1.8 ಕಿಲೋವಾಟ್ ಮೋಟಾರಿನ ಯಂತ್ರವು 200 ಬಾರ್ ಒತ್ತಡದಲ್ಲಿ ಹತ್ತು ಲೀಟರ್ ನೀರು ಕೊಡುತ್ತದೆಂದು ಬರೆದಿದ್ದರೆ, ಆ ನೀರಿಗೇ 3.3 ಕಿಲೋವಾಟ್ ಬೇಕು. ತೆಗೆದುಕೊಂಡುದಕ್ಕಿಂತ ಹೆಚ್ಚನ್ನು ಕೊಡುವ ಯಂತ್ರವು ಪ್ರಕೃತಿಯಲ್ಲಿಲ್ಲ. ಇಂತಹ ಬರಹದಲ್ಲಿ ಸಾಮಾನ್ಯವಾಗಿ ಆಗಿರುವುದೇನೆಂದರೆ, ಒತ್ತಡದ ಅಂಕಿಯು ಗುಂಡಿ ಬಿಟ್ಟು ನೀರು ನಿಂತಾಗಿನ ಗರಿಷ್ಠ ಒತ್ತಡ. ಪ್ರವಾಹದ ಅಂಕಿಯು ಒತ್ತಡವಿಲ್ಲದೆ ನೀರು ಹರಿಯುವಾಗಿನದು. ಎರಡೂ ಒಂದೊಂದಾಗಿ ನಿಜವಿರಬಹುದು, ಕೂಡಿ ಎಂದೂ ನಿಜವಲ್ಲ. ಕೇಳಬೇಕಾದುದು ಕೆಲಸ ಮಾಡುವಾಗಿನ ಒತ್ತಡವನ್ನೂ ಅದೇ ವೇಳೆಯ ಪ್ರವಾಹವನ್ನೂ.

ಇನ್ನು ತೊಳೆಯುವ ವಸ್ತುವಿನ ವಿಚಾರ. ಶಿವಮೊಗ್ಗವು ಮಲೆನಾಡಿನ ಹೆಬ್ಬಾಗಿಲು. ಜೂನ್‌ನಿಂದ ಮಳೆಗಾಲ ಕಳೆಯುವವರೆಗೆ ಇಲ್ಲಿಯ ಅಂಗಳ, ಮೆಟ್ಟಿಲು, ಪಾಗಾರಗಳ ಮೇಲೆ ಹಾವಸೆ ಕಟ್ಟುತ್ತದೆ. ವಯಸ್ಸಾದವರು ಜಾರಿ ಬೀಳುವುದು ಇದರ ಮೇಲೆಯೇ. ಸಿಮೆಂಟಿನ ಅಂಗಳ, ಗ್ರಾನೈಟು ಮೆಟ್ಟಿಲು, ಮನೆಯ ಒಂದೆರಡು ವಾಹನ, ಇಷ್ಟಕ್ಕೆ 100ರಿಂದ 120 ಬಾರ್, ನಿಮಿಷಕ್ಕೆ ಆರು ಏಳು ಲೀಟರ್ ನೀರಿನ ಸಣ್ಣ ಯಂತ್ರವು ಸಾಕು. ಇದಕ್ಕಿಂತ ಬಲವಾದುದನ್ನು ಮನೆಗೆ ತರುವುದರಿಂದ ಲಾಭಕ್ಕಿಂತ ಕೇಡೇ ಹೆಚ್ಚು. ಜಂಬಿಟ್ಟಿಗೆಯ ಗೋಡೆಯನ್ನೂ ಗಾರೆಯ ಹಳೆಯ ಗಿಲಾವನ್ನೂ ಈ ಧಾರೆಯು ಕೊರೆಯಬಲ್ಲುದು. ಮಂಗಳೂರು ಹೆಂಚಿನ ಮೇಲೆ ಹತ್ತಿರದಿಂದ ಹಿಡಿದರೆ ಹಾವಸೆಯೊಡನೆ ಹೆಂಚಿನ ಸುಟ್ಟ ನುಣುಪು ಮೈಯೂ ಹೋಗುತ್ತದೆ. ಒರಟಾದ ಮೈಯಲ್ಲಿ ಮುಂದಿನ ಮಳೆಗೆ ಹಾವಸೆಯು ಇನ್ನೂ ಗಟ್ಟಿಯಾಗಿ ಬೇರೂರುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆದ ನೀರು ಹೆಂಚಿನ ಸಂದಿಯಿಂದ ಅಟ್ಟದೊಳಕ್ಕೆ ನುಗ್ಗುತ್ತದೆ. ಹೆಂಚಿನ ಮಾಡಿಗೆ ಬಿಸಿಲುಗಾಲದಲ್ಲಿ ಪೊರಕೆಯೇ ಉತ್ತಮವೆಂದು ನಮ್ಮ ಅಭಿಪ್ರಾಯ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದಂತಹ, 13ನೆಯ ಶತಮಾನದ ಹೊಯ್ಸಳ ಕಾಲದ ಮೆದುವಾದ ಬಳಪದ ಕಲ್ಲಿನ ಕೆಲಸದ ಸಮೀಪಕ್ಕೂ ಈ ಯಂತ್ರವು ಹೋಗಕೂಡದೆಂಬುದನ್ನು ಹೇಳಬೇಕಾಗಿಯೇ ಇಲ್ಲ. ಆದರೂ ಉತ್ಸಾಹಿಗಳು ಇರುವುದರಿಂದ ಹೇಳಿದ್ದೇವೆ.

ಧಾರೆಯ ಕಠಿನತೆಯು ನಳಿಗೆಯ ಕೋನವನ್ನೂ ದೂರವನ್ನೂ ಅವಲಂಬಿಸುತ್ತದೆ. ಬೀಸಣಿಗೆಯಂತೆ 25 ಡಿಗ್ರಿ ಅಗಲಿಸುವ ನಳಿಗೆಯು ಒಂದು ಅಡಿ ದೂರದಲ್ಲಿ ಸುಮಾರು 13 ಸೆಂಟಿಮೀಟರ್ ಅಗಲದ ಪಟ್ಟೆಯನ್ನು ತೊಳೆಯುತ್ತದೆ. ಎರಡು ಅಡಿಗೆ ಸರಿದರೆ ಅಗಲ ಇಮ್ಮಡಿಯಾಗಿ ಪೆಟ್ಟು ಅರ್ಧಕ್ಕೂ ಇಳಿಯುತ್ತದೆ. ಕಾರಿನ ಬಣ್ಣಕ್ಕೆ 40 ಡಿಗ್ರಿಯ ನಳಿಗೆಯೇ ಕ್ಷೇಮ. ಶೂನ್ಯ ಡಿಗ್ರಿಯ ಸೂಜಿಧಾರೆಯು ಮನೆಯಲ್ಲಿ ಬೇಕಾಗುವ ಸಂದರ್ಭವನ್ನು ನಾವು ಊಹಿಸಲಾರೆವು. ಅದು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಹೊರಗೆ ಸಣ್ಣ ಚುಚ್ಚಿನಂತೆ ಕಂಡರೂ ಅಂತಹ ಗಾಯವನ್ನು ಒಡನೆಯೇ ಶಸ್ತ್ರವೈದ್ಯರಿಗೆ ತೋರಿಸಬೇಕು.

ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯ ಅವಶ್ಯಕತೆಯು ಬೇರೆ ಬಗೆಯದು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಈ ಊರಿನಲ್ಲಿಯೂ, ಎರಡು ನಗರಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿಯೂ ತೊಳೆಯಬೇಕಾದುದು ಲಾರಿಯ ಅಡಿಭಾಗ, ಗ್ರೀಸು ಮೆತ್ತಿದ ಯಂತ್ರಾಂಗ, ಎಣ್ಣೆ ಸುರಿದ ನೆಲ. ಗ್ರೀಸಿಗೆ ತಣ್ಣೀರಿನ ಒತ್ತಡವನ್ನು ಎಷ್ಟು ಏರಿಸಿದರೂ ಅದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುವುದೇ ಹೊರತು ಬಿಡುವುದಿಲ್ಲ. ಅಲ್ಲಿ ಬೇಕಾದುದು ಬಿಸಿನೀರು. ಜರ್ಮನಿಯ ಕಾರ್ಷರ್ ಸಂಸ್ಥೆಯು 1950ರಲ್ಲಿ ತಯಾರಿಸಿದ ಅಧಿಕ ಒತ್ತಡದ ಯಂತ್ರವೂ ಬಿಸಿನೀರಿನದೇ ಆಗಿದ್ದಿತು. ಬಿಸಿನೀರಿನ ಯಂತ್ರವನ್ನು ಕೊಳ್ಳುವವರು ಕೊಳವೆಬಾವಿಯ ನೀರಿನ ಗಡಸುತನವನ್ನು ಪರೀಕ್ಷಿಸಿಕೊಳ್ಳಬೇಕು. ಗಡಸು ನೀರು ಕಾಯುವ ಸುರುಳಿಯಲ್ಲಿ ಸುಣ್ಣ ಕಟ್ಟಿಸುತ್ತದೆ. ತುಕ್ಕನ್ನೂ ಹಳೆಯ ಬಣ್ಣವನ್ನೂ ಕಬ್ಬಿಣದಿಂದ ಬಿಡಿಸಲು 150 ಬಾರ್ ಯಂತ್ರವನ್ನು ಕೊಂಡವರು ನಿರಾಶರಾಗುವರು. ಆ ಕೆಲಸಕ್ಕೆ 700 ಬಾರ್ ಮೀರಿದ ಬೇರೆಯೇ ಜಾತಿಯ ಯಂತ್ರಗಳೂ ತರಬೇತಿ ಪಡೆದ ಕೆಲಸಗಾರರೂ ಬೇಕು.

ವ್ಯಾಪಾರಕ್ಕೆ ತರುವ ಯಂತ್ರದಲ್ಲಿ ಒತ್ತಡಕ್ಕಿಂತ ಬಾಳಿಕೆಯೇ ಮುಖ್ಯ. ಮನೆಬಳಕೆಯ ಯಂತ್ರದಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಷ್ಷಿನ, ಅತಿವೇಗದ, ಗದ್ದಲದ ಮೋಟಾರಿರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆಯ ಕೆಲಸಕ್ಕೆ ಅದು ಸಾಕು. ಅದನ್ನೇ ವಾಟರ್ ಸರ್ವೀಸ್ ಅಂಗಡಿಯಲ್ಲಿಟ್ಟು ದಿನವಿಡೀ ಓಡಿಸಿದರೆ ಕೆಲವೇ ತಿಂಗಳಲ್ಲಿ ಸುಟ್ಟುಹೋದೀತು. ಸಾಲ ಮಾಡಿ ಅಂಗಡಿ ತೆರೆದ ಯುವಕನಿಗೆ ಅಗ್ಗದ ಯಂತ್ರದ ನಿಜವಾದ ಬೆಲೆ ತಿಳಿಯುವುದು ಆಗಲೇ. ಅವನಿಗೆ ಬೇಕಾದುದು ನಿಧಾನ ವೇಗದ ಇಂಡಕ್ಷನ್ ಮೋಟಾರು, ಹಿತ್ತಾಳೆಯ ತಲೆ, ಮೂರು ಪ್ಲಂಜರುಗಳ ಪಂಪು. ಐದು ಅಶ್ವಶಕ್ತಿ, ಎಂದರೆ 3.7 ಕಿಲೋವಾಟ್‌ಗೆ 120 ಬಾರ್, 15 ಲೀಟರ್ ಎಂಬುದು ನಂಬತಕ್ಕ ಲೆಕ್ಕ. ಇದಕ್ಕೆ ತ್ರೀ ಫೇಸ್ ವಿದ್ಯುತ್ ಬೇಕು. ಹಿಡಿದವನ ಕೈಯನ್ನು ಅದು ನಾಲ್ಕು ಕಿಲೋಗ್ರಾಂ ಭಾರದಷ್ಟು ಹಿಂದಕ್ಕೆ ತಳ್ಳುತ್ತದೆಂಬುದನ್ನೂ ಗಮನಿಸಬೇಕು. ಸೀಲು, ವಾಲ್ವುಗಳು ಶಿವಮೊಗ್ಗದಲ್ಲಿಯೇ ದೊರೆಯುತ್ತವೆಯೇ ಎಂದು ಮೊದಲೇ ವಿಚಾರಿಸುವುದು ಜಾಣತನ.

ನೀರಿನ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಹದಿನೈದು ಲೀಟರಿನ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯುವುದೆಂದು ನೋಡಬೇಕು. ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ ಏಳೂವರೆ ಲೀಟರ್. ಆರು ಲೀಟರಿನ ಯಂತ್ರ ನಡೆದೀತು, ಹತ್ತು ಲೀಟರಿನದು ನಡೆಯದು. ನೀರು ಸಾಲದ ಪಂಪಿನೊಳಗೆ ಆವಿಯ ಗುಳ್ಳೆಗಳೆದ್ದು ಒಡೆದು ಲೋಹವನ್ನೇ ಕಡಿಯುತ್ತವೆ. ಮಾಳಿಗೆಯ ತೊಟ್ಟಿಯ ನೀರನ್ನು ಬಳಸುವವರು ನೀರನ್ನು ತಾನೇ ಹೀರಿಕೊಳ್ಳಬಲ್ಲ ಯಂತ್ರವನ್ನು ಕೇಳಬೇಕು. ಮರಳು, ಹೂಳು ತಡೆಯುವ ಜಾಲರಿಯನ್ನು ತಪ್ಪದೆ ಹಾಕಬೇಕು. ಪ್ಲಗ್ಗನ್ನು 16 ಆಂಪಿಯರಿನ, ಭೂಸಂಪರ್ಕವಿರುವ ಸಾಕೆಟ್ಟಿಗೆ ಮಾತ್ರ ಚುಚ್ಚಬೇಕು. ಒದ್ದೆ ನೆಲದಲ್ಲಿ ನಿಂತು ಮಾಡುವ ಕೆಲಸವಾದುದರಿಂದ, ವಿದ್ಯುತ್ ಸೋರಿಕೆಯನ್ನರಿತು ಕಡಿದುಹಾಕುವ 30 ಮಿಲಿಆಂಪಿಯರಿನ ಸ್ವಿಚ್ಚಿಲ್ಲದ ಮನೆಯಲ್ಲಿ ಇದನ್ನು ಬಳಸದಿರುವುದೇ ಲೇಸು.

ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದೂ ಆಯ್ಕೆಯೊಳಗೇ ಸೇರಿದೆ. ಲಾರಿಯೊಂದನ್ನು 15 ಲೀಟರಿನ ಯಂತ್ರದಿಂದ ಅರ್ಧ ಗಂಟೆ ತೊಳೆದರೆ 450 ಲೀಟರ್ ಎಣ್ಣೆನೀರು ಉಂಟಾಗುತ್ತದೆ. ಶಿವಮೊಗ್ಗದ ಚರಂಡಿಯು ತುಂಗೆಯ ಕಡೆಗೂ ಭದ್ರಾವತಿಯದು ಭದ್ರೆಯ ಕಡೆಗೂ ಇಳಿಯುತ್ತದೆ. ಎರಡು ನದಿಗಳೂ ಕೂಡುವುದು ಈ ಊರುಗಳಿಂದ ಕೆಳಗೆ, ಕೂಡಲಿಯಲ್ಲಿ. ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯದಲ್ಲಿ ಎಣ್ಣೆ, ಗ್ರೀಸು ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಆದುದರಿಂದ ಅಂಗಡಿಯ ನೆಲವನ್ನು ಕಟ್ಟಿಸುವಾಗಲೇ ಕೆಸರು ತಂಗುವ ಒಂದು ಗುಂಡಿಯನ್ನೂ, ಎಣ್ಣೆ ಮೇಲೆ ತೇಲಿ ನಿಂತು ನೀರು ಮಾತ್ರ ಅಡಿಯಿಂದ ಹೊರಹೋಗುವಂತಹ ಇನ್ನೊಂದು ಗುಂಡಿಯನ್ನೂ ಮಾಡಿಸತಕ್ಕದ್ದು. ಯಂತ್ರವನ್ನು ತಂದ ಮೇಲೆ ನೆಲವನ್ನು ಅಗೆಯುವುದಕ್ಕಿಂತ ಇದರ ಖರ್ಚು ಕಡಮೆ.