ಕಾರ್ಡ್ ಒಂದೇ, ಕಡತ ಹಲವು

"ಯುಡಿಐಡಿ ಕಾರ್ಡ್ ಬಂದದಲ್ರೀ, ಇನ್ನ ಪಿಂಚಣಿ, ವಿಮಾ, ಶಾಲಿ ಎಲ್ಲಾ ತಾನೇ ಬರ್ತದ."

ಬೌದ್ಧಿಕ ನ್ಯೂನತೆಯ ಮಕ್ಕಳಿರುವ ಮನೆಗಳಲ್ಲಿ, ಕಮಲಾಪುರದ ಹಳ್ಳಿಯಿರಲಿ ಕಲಬುರಗಿಯ ಬಡಾವಣೆಯಿರಲಿ, ಈ ನಂಬಿಕೆ ಗಟ್ಟಿಯಾಗಿದೆ. ತಪ್ಪು ಮನೆಯವರದ್ದಲ್ಲ. ಯುಡಿಐಡಿ ಅಂಗವಿಕಲರ ಗುರುತಿನ ಚೀಟಿ, ಇಡೀ ದೇಶಕ್ಕೆ ಒಂದೇ ಕಾರ್ಡ್ ಎಂದು ಸರ್ಕಾರವೇ ಹೇಳಿದ ಮೇಲೆ ದಾಖಲೆಯೂ ಒಂದೇ ಇರುತ್ತದೆ ಅಂದುಕೊಳ್ಳುವುದು ಸಹಜ.

ವಾಸ್ತವ ಹಾಗಿಲ್ಲ. ನ್ಯೂನತೆಯ ಪ್ರಮಾಣ ಎಷ್ಟೆಂದು ಬರೆಯುವವರು ಆರೋಗ್ಯ ಇಲಾಖೆಯ ವೈದ್ಯರು. ಆ ವಿವರ ಕೂರುವುದು ಕೇಂದ್ರದ ಪೋರ್ಟಲ್‌ನಲ್ಲಿ. ಮಾಸಾಶನ ಕಂದಾಯ ಇಲಾಖೆಯ ಕೆಲಸ, ಅದರ ಅರ್ಜಿ ನಾಡಕಚೇರಿಗೆ. ಶಾಲೆಗೆ ಹೋಗುವ ಮಗುವಿನ ವಿವರ ಶಿಕ್ಷಣ ಇಲಾಖೆಯ ಬಳಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಕೊಡುವ 'ನಿರಾಮಯ' ವಿಮೆ ಕೇಂದ್ರದ ರಾಷ್ಟ್ರೀಯ ನ್ಯಾಸದ್ದು (ನ್ಯಾಷನಲ್ ಟ್ರಸ್ಟ್). ಅದಕ್ಕೆ ಬೇರೆಯೇ ಅರ್ಜಿ, ವರ್ಷವರ್ಷವೂ ನವೀಕರಣ. ಒಂದು ಕಡತದಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ತಾನಾಗಿ ಮೂಡುವುದಿಲ್ಲ. ಇಲಾಖೆಗಳ ನಡುವೆ ಕಾಗದ ಹೊತ್ತು ತಿರುಗುವವರು ಕೊನೆಗೆ ತಾಯಿಯೇ. ಅವಳ ಆ ಓಡಾಟಕ್ಕೆ ಮಾತ್ರ ಯಾವ ಕಡತದಲ್ಲೂ ಕಾಲಂ ಇಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ತಪ್ಪು ತಿಳಿವಳಿಕೆ: "ವಿಆರ್‌ಡಬ್ಲ್ಯೂ ಬಂದು ಬರ್ಕೊಂಡು ಹೋಗ್ಯಾರ." ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಕಾರ್ಯಕರ್ತರು, ನಗರಕ್ಕೆ ನಗರ ಪುನರ್ವಸತಿ ಕಾರ್ಯಕರ್ತರು ಎಂಬುದು ಕರ್ನಾಟಕದ ವ್ಯವಸ್ಥೆ. ಹಳ್ಳಿಯಲ್ಲಿ ಈ ಕೆಲಸ ಮಾಡುವವರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಮನೆಮನೆ ಅಲೆದು ಅವರು ಮಾಡುವ ಪಟ್ಟಿ ಬೆಲೆಯುಳ್ಳದ್ದೇ. ಆದರೆ ಅದು ಸಮೀಕ್ಷೆ, ಅರ್ಜಿಯಲ್ಲ. ಅರ್ಜಿ ಹಾಕಿದ್ದಕ್ಕೆ ಸಾಕ್ಷಿ ಸ್ವೀಕೃತಿ ಚೀಟಿ ಮಾತ್ರ. ಕಮಲಾಪುರದವರು ಇನ್ನೊಂದನ್ನೂ ನೋಡಿಕೊಳ್ಳಬೇಕು: ಕಮಲಾಪುರ ಬೇರೆ ತಾಲ್ಲೂಕಾಗುವ ಮೊದಲಿನ ಕಾಗದಗಳಲ್ಲಿ 'ಕಲಬುರಗಿ ತಾಲ್ಲೂಕು' ಎಂದೇ ಇರುತ್ತದೆ. ಹೊಸ ಅರ್ಜಿಯ ವಿಳಾಸಕ್ಕೂ ಹಳೆಯ ಕಾಗದಕ್ಕೂ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿಕೊಂಡರೆ ಬಸ್ ಖರ್ಚು ಉಳಿದೀತು.

ನ್ಯೂನತೆಯ ಪ್ರಮಾಣಪತ್ರ ಒಮ್ಮೆ ಸಿಕ್ಕರೆ ಮುಗಿಯಿತು ಎನ್ನುವವರಿದ್ದಾರೆ, ವರ್ಷವರ್ಷ ಮಾಡಿಸಬೇಕು ಎಂದು ಹೆದರಿಸುವ ಏಜೆಂಟರೂ ಇದ್ದಾರೆ. ಎರಡೂ ನಿಜವಲ್ಲ. ಬೌದ್ಧಿಕ ನ್ಯೂನತೆಗೆ ಕೇಂದ್ರದ 2018ರ ಮಾರ್ಗಸೂಚಿ ಗೊತ್ತುಮಾಡಿದ ಕ್ರಮ: 5, 10, 18ನೇ ವಯಸ್ಸಿಗೆ ಮರುಪರೀಕ್ಷೆ, 18ಕ್ಕೆ ಕೊಟ್ಟದ್ದು ಜೀವಮಾನಕ್ಕೆ. ಓದು-ಬರಹ-ಲೆಕ್ಕದಲ್ಲಷ್ಟೇ ತೊಡಕಿರುವ ಕಲಿಕಾ ನ್ಯೂನತೆಯ ಮಕ್ಕಳ ದಾರಿ ಬೇರೆ. ಅದೇ ಮಾರ್ಗಸೂಚಿಯಲ್ಲಿ ಅವರಿಗೆ ಗೊತ್ತುಪಡಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆ.

"ಜನಗಣತಿಯೊಳಗ ಎಲ್ಲಾ ಲೆಕ್ಕ ಅದ" ಎಂಬ ಮಾತಿಗೆ ಬರೋಣ. 2011ರ ಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಬೌದ್ಧಿಕ ನ್ಯೂನತೆಯವರು ಸುಮಾರು 15 ಲಕ್ಷ. ಆಗ ಕಲಿಕಾ ನ್ಯೂನತೆಗಾಗಲಿ ಆಟಿಸಂಗಾಗಲಿ ಪ್ರತ್ಯೇಕ ಕಾಲಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನ್ಯೂನತೆಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿದ ಮೇಲೆ ಆ ಹಳೆಯ ಅಂಕಿಯಿಂದ ಇಂದಿನ ಯೋಜನೆ ಅಳೆಯುವುದು ಕಷ್ಟ. ನನಗೆ ಇದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು ಬೇರೆ: ಎಷ್ಟು ಜನ ಎಂದು ಗಣತಿ ಕೇಳಿತು, ಅವರನ್ನು ಹಗಲೆಲ್ಲ ನೋಡಿಕೊಳ್ಳುವವರು ಯಾರು ಎಂದು ಕೇಳಲಿಲ್ಲ. ಮನೆ ಬಿಟ್ಟು ಕೂಲಿಗೆ ಹೋಗಲಾಗದ ಅಕ್ಕನೋ ಅಜ್ಜಿಯೋ ಯಾವ ಅಂಕಿಯಲ್ಲೂ ಇಲ್ಲ.

ಇನ್ನುಳಿದದ್ದು ದುಬಾರಿ ತಪ್ಪು. "ಹಡದವರು ನಾವಿದ್ದೀವಿ, ಅವಂಗ ಬ್ಯಾರೆ ಗಾರ್ಡಿಯನ್ ಯಾಕ್ರಿ?" ಮಗನಿಗೆ 18 ತುಂಬಿದ ದಿನವೇ ಕಾನೂನಿನ ಕಣ್ಣಿಗೆ ಅವನು ವಯಸ್ಕ, ತಂದೆ-ತಾಯಿಯ ಸಹಜ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ಹೊಲದ ಪಾಲು, ಬ್ಯಾಂಕ್ ಖಾತೆ, ಆಸ್ಪತ್ರೆಯ ಒಪ್ಪಿಗೆ, ಯಾವುದರಲ್ಲಿ ಬೇಕಾದರೂ ತೊಡಕು ಅಲ್ಲಿಂದ ಶುರುವಾಗಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿಯಿರುವ ಸ್ಥಳೀಯ ಸಮಿತಿ. ಅದರಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು, ಅಂಗವಿಕಲರೊಬ್ಬರು ಇರುತ್ತಾರೆ. ಕಮಲಾಪುರದವರಿಗೆ ಇದಕ್ಕೆ ಜಿಲ್ಲಾ ಕೇಂದ್ರ ಕಲಬುರಗಿಯ ದಾರಿಯೇ. ಅರ್ಜಿ ಹಾಕಲು ಕೋರ್ಟ್ ಹತ್ತಬೇಕಿಲ್ಲ.

ಆದೇಶ ಕೈಗೆ ಬಂದ ಮೇಲೆ ದಾಖಲೆ ಇಡುವ ಹೊಣೆ ತಿರುಗಿ ಮನೆಯವರ ಹೆಗಲಿಗೇ ಬೀಳುತ್ತದೆ. ಪಾಲಕರು ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ ಒಪ್ಪಿಸಬೇಕು. ಅಣ್ಣನೇ ಪಾಲಕನಾದರೂ ಅಷ್ಟೇ, ಅವ್ವನೇ ಆದರೂ ಅಷ್ಟೇ.