ಹನ್ನೊಂದರ ಬುದ್ಧಿ, ಎಂಬತ್ತರ ಬುದ್ಧಿ

ಹುಡುಗ ಲೆಕ್ಕದಲ್ಲಿ ಚುರುಕಾದರೆ ಅದು ತಂದೆಯ ಕಡೆಯಿಂದ ಬಂದುದು, ಮಂಕಾದರೆ ತಾಯಿಯ ಕಡೆಯದು—ಇಂಥ ತೀರ್ಪು ಕೇಳಿಬರದ ಮನೆ ವಿರಳ. (ತೀರ್ಪು ಕೊಡುವವರು ಯಾರ ಕಡೆಯವರೆಂಬುದನ್ನು ವಾಚಕರೇ ಊಹಿಸಬಲ್ಲರು.) ಬುದ್ಧಿಗೂ ವಂಶಕ್ಕೂ ಇರುವ ನಂಟನ್ನು ಒರೆಗೆ ಹಚ್ಚುವ ಅಪೂರ್ವ ಅವಕಾಶವೊಂದು ವಿಜ್ಞಾನಿಗಳಿಗೆ ಸ್ಕಾಟ್ಲೆಂಡಿನಲ್ಲಿ ದೊರೆಯಿತು.

1932ರ ಜೂನ್ 1ರಂದು ಆ ನಾಡಿನ ಶಾಲೆಗಳಲ್ಲಿ, 1921ರಲ್ಲಿ ಹುಟ್ಟಿದ ಬಹುಮಟ್ಟಿಗೆ ಎಲ್ಲ ಮಕ್ಕಳಿಗೂ ಒಂದೇ ಬುದ್ಧಿಪರೀಕ್ಷೆಯನ್ನು ಕೊಡಲಾಯಿತು. ಬರೆದವರು 87,498 ಮಂದಿ. ಅವಧಿ 45 ನಿಮಿಷ. ಅಂಕಗಳು ದಫ್ತರಗಳನ್ನು ಸೇರಿದವು. ಮಹಾಯುದ್ಧವೊಂದು ಬಂದುಹೋಯಿತು, ದಫ್ತರಗಳನ್ನು ಜನ ಮರೆತರು. 1990ರ ದಶಕದ ಕೊನೆಯಲ್ಲಿ ಇಯಾನ್ ಡಿಯರಿ, ಲಾರೆನ್ಸ್ ವಾಲಿ ಎಂಬ ಸಂಶೋಧಕರು ಅವನ್ನು ಮತ್ತೆ ಬೆಳಕಿಗೆ ತಂದರು. ಅಂದಿನ ಮಕ್ಕಳಲ್ಲಿ ಎಡಿನ್‌ಬರೋ ಸುತ್ತಮುತ್ತ ಬದುಕಿದ್ದ ಸುಮಾರು 550 ಮಂದಿ ವೃದ್ಧರು ಅದೇ ಪರೀಕ್ಷೆಗೆ ಮತ್ತೊಮ್ಮೆ ಕುಳಿತರು, ರಕ್ತವನ್ನೂ ಕೊಟ್ಟರು.

ರಕ್ತದಲ್ಲಿ ಹುಡುಕಿದ್ದು ಎಪೋ-ಇ ಎಂಬ ವಂಶವಾಹಿಯನ್ನು. ಕೊಬ್ಬನ್ನು ಸಾಗಿಸುವ ಪ್ರೋಟೀನೊಂದನ್ನು ತಯಾರಿಸುವುದು ಇದರ ಕೆಲಸ. ಇದರಲ್ಲಿ ಮುಖ್ಯವಾಗಿ ಮೂರು ಬಗೆ: ಎರಡು, ಮೂರು, ನಾಲ್ಕು ಎಂದು ಅವುಗಳ ಹೆಸರು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲೂ ಎರಡು ಪ್ರತಿಗಳು. ನಾಲ್ಕನೆಯ ಬಗೆಯುಳ್ಳವರಿಗೆ ಮುಪ್ಪಿನಲ್ಲಿ ಆಲ್‌ಜೈಮರ್ ಎಂಬ ಮರೆವಿನ ರೋಗ ತಗಲುವ ಸಂಭವ ಹೆಚ್ಚೆಂಬುದು ಮೊದಲೇ ತಿಳಿದಿತ್ತು. ಆದರೆ ರೋಗವಿಲ್ಲದವರ ಗತಿ?

2002ರಲ್ಲಿ ಪ್ರಕಟವಾದ ಉತ್ತರ ಸೋಜಿಗದ್ದು. ಹನ್ನೊಂದನೆಯ ವಯಸ್ಸಿನ ಅಂಕಗಳಲ್ಲಿ ನಾಲ್ಕನೆಯ ಬಗೆಯವರಿಗೂ ಉಳಿದವರಿಗೂ ಭೇದವೇ ಇರಲಿಲ್ಲ. ಎಂಬತ್ತರ ಹೊತ್ತಿಗೆ ಮಾತ್ರ ಅವರು ತುಸು ಹಿಂದೆ ಬಿದ್ದಿದ್ದರು. ಬಾಲ್ಯದಲ್ಲಿ ತನ್ನ ಸುಳಿವನ್ನೇ ಕೊಡದ ವಂಶವಾಹಿ ಇಳಿವಯಸ್ಸಿನಲ್ಲಿ ಬಾಯಿಬಿಟ್ಟಿತ್ತು!

ಹಾಗೆಂದು ಬುದ್ಧಿಯ ಬೀಗದ ಕೈ ಸಿಕ್ಕಿತೆನ್ನಲಾಗದು. 2018ರಲ್ಲಿ 3,00,486 ಜನರನ್ನು ಪರಿಶೀಲಿಸಿದ ಇನ್ನೊಂದು ಸಂಶೋಧನೆ, ಬುದ್ಧಿಯೊಡನೆ ನಂಟುಳ್ಳ 148 ತಾಣಗಳನ್ನು ವಂಶವಾಹಿಗಳ ಸಾಲಿನಲ್ಲಿ ಗುರುತಿಸಿತು. ಒಂದೊಂದರ ಪಾಲೂ ಸಾಸಿವೆಯಷ್ಟು. ಆ ಸಂಶೋಧನೆಯ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ ಬೇರೆ ಜನರ ಮೇಲೆ ಪ್ರಯೋಗಿಸಿದಾಗ, ಮನುಷ್ಯ ಮನುಷ್ಯರ ಬುದ್ಧಿಯ ಅಂತರದಲ್ಲಿ ವಿವರಿಸಲಾದುದು ಹೆಚ್ಚೆಂದರೆ ನೂರಕ್ಕೆ ನಾಲ್ಕು ಪಾಲು. ಇಷ್ಟನ್ನು ನಂಬಿ ತೊಟ್ಟಿಲ ಮಗುವಿಗೆ ಬುದ್ಧಿಯ ಜಾತಕ ಬರೆಯಹೊರಡುವುದು ದುಡುಕೆಂದೇ ನನ್ನ ಎಣಿಕೆ. ಎಡಿನ್‌ಬರೋದ ವೃದ್ಧರ ಅಂಕಗಳನ್ನು ಮುಂಗಾಣುವುದರಲ್ಲಿ ಎಪೋ-ಇಗಿಂತ ಬಹಳ ಹೆಚ್ಚಿನ ನೆರವು ದೊರೆತದ್ದು, ಅವರು ಹನ್ನೊಂದನೆಯ ವಯಸ್ಸಿನಲ್ಲಿ ಪಡೆದಿದ್ದ ಅಂಕಗಳಿಂದ.