ಇನ್‌ಕಾಗ್ನಿಟೊ: ಯಾರಿಂದ ಮರೆ?

ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಯಾರಿಗೂ ಕಾಣಿಸುವುದಿಲ್ಲ ಎಂಬುದು ವಿದ್ಯಾರ್ಥಿಗಳಲ್ಲಿರುವ ತಪ್ಪು ಕಲ್ಪನೆ. ಅದನ್ನು ಮುಚ್ಚಿದಾಗ ಹುಡುಕಾಟದ ಇತಿಹಾಸ, ಕುಕೀಗಳು ಆ ಕಂಪ್ಯೂಟರಿನಿಂದ ಮಾತ್ರ ಅಳಿಯುತ್ತವೆ. ಯಾವ ಜಾಲತಾಣಕ್ಕೆ ಹೋದೆವೆಂದು ಶಾಲೆಯ ನೆಟ್‌ವರ್ಕ್‌ಗೂ, ನಮ್ಮ ಐಪಿ ವಿಳಾಸ ಆ ಜಾಲತಾಣಕ್ಕೂ ತಿಳಿಯಬಲ್ಲದು. ಸಂಕೋಚದ ಆರೋಗ್ಯ ಪ್ರಶ್ನೆಗೆ ಕಂಪ್ಯೂಟರ್ ಕೊಠಡಿಯಲ್ಲಿ ಉತ್ತರ ಹುಡುಕುವ ಹುಡುಗಿಗೆ ಇದು ಗೊತ್ತಿರಬೇಕು.

ದಾರಿಯಲ್ಲೂ ಗುರುತು ಮರೆಸುವ ಟಾರ್ ಬ್ರೌಸರಿನ ಕ್ರಮವನ್ನು ಲಕೋಟೆಗಳಿಂದ ತೋರಿಸಬಹುದು. ಒಂದರೊಳಗೊಂದು ಇಟ್ಟ ಮೂರು ಲಕೋಟೆಗಳನ್ನು ಮೂವರು ವಿದ್ಯಾರ್ಥಿಗಳು ತಲಾ ಒಂದರಂತೆ ಬಿಡಿಸಿ ಮುಂದೆ ದಾಟಿಸಲಿ. ಮೊದಲನೆಯವರಿಗೆ ಕಳುಹಿಸಿದವರು ಗೊತ್ತು, ಕೊನೆಯವರಿಗೆ ತಲುಪಬೇಕಾದವರು ಗೊತ್ತು. ಎರಡೂ ಯಾರೊಬ್ಬರಿಗೂ ಗೊತ್ತಿಲ್ಲ. ಆದರೆ ಪತ್ರದೊಳಗೆ ಸಹಿ ಹಾಕಿದರೆ ಲಕೋಟೆಗಳು ವ್ಯರ್ಥ. ಸ್ವಂತ ಖಾತೆಗೆ ಲಾಗಿನ್ ಆಗುವುದೂ ಹಾಗೆಯೇ.

ಮೌಲ್ಯಮಾಪನದಲ್ಲಿ “ಮರೆಯಾದೆವೇ?” ಎನ್ನದೆ, “ಯಾರಿಂದ ಮರೆಯಾದೆವು?” ಎಂದು ಕೇಳಿ.